ಮೊದಲ ಕುಯ್ಲಿನ ಸೊಪ್ಪು

ದೀಪಾವಳಿ ಕಳೆದ ಮರುವಾರ ಧಣಿಗಳ ಮನೆಯಿಂದ ಮಾತು ಬಂತು. ಇನ್ನು ಮೇಲೆ ಮನೆಗೆ ಸೊಪ್ಪು ಕಳಿಸುವುದು ಬೇಡ. ಮಾತು ತಂದವನು ಟೆಂಪೋ ಡ್ರೈವರ್. ಕಾರಣ ಅವನಿಗೆ ಯಾರೂ ಹೇಳಿರಲಿಲ್ಲ, ಅವನು ಕೇಳಿರಲೂ ಇಲ್ಲ. ನಾಗರತ್ನಮ್ಮ ಬಾಳೆಪಟ್ಟೆಯಲ್ಲಿ ಕಟ್ಟಿದ್ದ ದಂಟಿನ ಸೊಪ್ಪನ್ನು ಹಿಡಿದುಕೊಂಡೇ ನಿಂತಳು. ಗೊತ್ತಾಗಿಹೋಯಿತು, ಅಂದುಕೊಂಡಳು. ತನ್ನ ಜಾತಿ ಅವರಿಗೆ ಗೊತ್ತಾಗಿಹೋಯಿತು.

ಚೆನ್ನೈಯ ಅಣ್ಣಾ ನಗರ ದಾಟಿ ಪಶ್ಚಿಮಕ್ಕೆ ಹೋದರೆ ಸಾಲು ಕಾರ್ಖಾನೆಗಳು. ಅವುಗಳ ಬೆನ್ನಿಗೆ ಅರ್ಧ ಮುಚ್ಚಿಹೋದ ಒಂದು ಕೆರೆ. ಕೆರೆಯ ದಡದಲ್ಲಿ ಧಣಿ ಮುರುಗೆಪ್ಪನವರ ಹೊಲ. ಅವರು ದಾವಣಗೆರೆ ಕಡೆಯವರು, ಲಿಂಗ ಕಟ್ಟಿಕೊಂಡವರು. ತಂದೆಯ ಕಾಲದಲ್ಲಿ ಮದರಾಸಿಗೆ ಬಂದು ಗುಜರಿ ವ್ಯಾಪಾರದಲ್ಲಿ ಬೇರು ಬಿಟ್ಟವರು. ಗುಜರಿ ಕೈಬಿಟ್ಟ ಮೇಲೆ ಅದೇ ಜಾಗವನ್ನು ಉಳುಮೆ ಮಾಡಿಸಿ ಮಡಿ ಹಾಕಿಸಿದರು. ಮಡಿಗಳಲ್ಲಿ ದಂಟು, ಅರಿವೆ, ಪಾಲಕ್, ಮೆಂತ್ಯ. ದಿನವೂ ಟೆಂಪೋ ತುಂಬಿ ಶೋಳಿಂಗನಲ್ಲೂರಿನ ಫ್ಲ್ಯಾಟುಗಳಿಗೆ ಹೋಗುವ ಸೊಪ್ಪು ಅದು. ಪ್ಯಾಕೆಟ್ಟಿನ ಮೇಲೆ ನಾಗರತ್ನಮ್ಮನದೇ ಫೋಟೋ. ತಲೆಗೆ ಟವೆಲ್ಲು, ಕೈಯಲ್ಲಿ ಸೊಪ್ಪು, ಬಾಯಿ ತುಂಬ ನಗು. ಆ ನಗುವನ್ನು ತರಿಸಲು ಫೋಟೋದವನು ಅರ್ಧ ದಿನ ಗೋಗರೆದಿದ್ದ.

ಹೊಲದಲ್ಲೊಂದು ಪದ್ಧತಿಯಿತ್ತು. ಯಾವ ಮಡಿಯೇ ಆಗಲಿ, ಮೊದಲ ಕುಯ್ಲಿನ ಮೊದಲ ಕಟ್ಟು ಧಣಿಗಳ ಅಡುಗೆಮನೆಗೆ. ಬಿಸಿಲು ತಾಗುವ ಮುಂಚೆ ಕುಯ್ಯಬೇಕು, ಬೇರೆ ಕಟ್ಟುಗಳ ಜೊತೆ ಬೆರೆಸಬಾರದು. ಆಮೇಲೆ ತೂಕಕ್ಕೆ. ಹರಿದದ್ದು, ಹುಳ ತಿಂದದ್ದು, ಬಾಡಿದ್ದು ಕೂಲಿಯವರಿಗೆ. ಮೊದಲ ಕಟ್ಟನ್ನು ಕಟ್ಟುವುದು ನಾಗರತ್ನಮ್ಮನ ಕೈಕೆಲಸವೇ ಆಗಿತ್ತು. ಒಂದೊಂದೇ ಎಳೆ ಎಲೆಯನ್ನು ಆರಿಸಿ ಜೋಡಿಸುತ್ತಿದ್ದಳು. ನಾನು ಮುಟ್ಟಿದ್ದನ್ನು ಅವರು ಉಣ್ಣುತ್ತಾರೆ ಎಂಬುದು ಅವಳು ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಹೆಮ್ಮೆ.

ಯಾರಿಗೂ ಹೇಳದ್ದು ಇನ್ನೊಂದಿತ್ತು. ಅವಳು ಕೊಳ್ಳೇಗಾಲದ ಹತ್ತಿರದ ಹಳ್ಳಿಯ ಹೊಲಗೇರಿಯವಳು. ಹಿಂದೆ ಕೋಡಂಬಾಕ್ಕಂನಲ್ಲಿ ಒಬ್ಬ ಕನ್ನಡದವರ ಮನೆಗೆಲಸಕ್ಕಿದ್ದಾಗ ಕೇಳಿದವರಿಗೆ ನಿಜ ಹೇಳಿದ್ದಳು. ಅವರು ಬೈಯಲಿಲ್ಲ. ಅವಳು ತೊಳೆದಿಟ್ಟ ಪಾತ್ರೆಗಳನ್ನು ಅವಳ ಕಣ್ಣೆದುರೇ ಇನ್ನೊಮ್ಮೆ ತೊಳೆದರು. ವಾರದ ಕೊನೆಗೆ ಬೇರೆಯವಳು ಬಂದಳು. ಮುರುಗೆಪ್ಪನವರು ಹೊಲದ ಗೇಟಿನಲ್ಲಿ ನಿಲ್ಲಿಸಿ ಯಾವ ಪೈಕಿ ಎಂದು ಕೇಳಿದಾಗ ಒಕ್ಕಲಿಗರು ಅಂದುಬಿಟ್ಟಳು. ಕನ್ನಡದವಳು, ನಮ್ಮವಳು ಎಂದು ಅವರು ಹೊಲದಲ್ಲೇ ತಗಡಿನ ಶೆಡ್ ಕೊಟ್ಟರು. ಆ ಶೆಡ್ಡಿನಲ್ಲೇ ಅವಳ ಮಗಳು ಮದುವೆಯಾದದ್ದು, ಅಳಿಯ ಬಿಟ್ಟು ಹೋದದ್ದು, ಮೊಮ್ಮಗಳು ಹುಟ್ಟಿದ್ದು.

ಹೀಗಿರುವಾಗ ಸೊಪ್ಪು ಬೇಡ ಅಂದರೆ ಇನ್ನೇನು ಕಾರಣ ಇದ್ದೀತು? ನಾಗರತ್ನಮ್ಮ ಕೇಳಲಿಲ್ಲ. ಕೇಳಿದರೆ ಬಾಯಿಬಿಟ್ಟು ಹೇಳಿಯಾರು. ಹೇಳಿಬಿಟ್ಟರೆ ಶೆಡ್ ಖಾಲಿ ಮಾಡಬೇಕು. ಕೇಳದಿದ್ದರೆ ಹೀಗೇ ನಡೆದುಕೊಂಡು ಹೋದರೂ ಹೋದೀತು.

ಆಮೇಲೆ ಕಂಡದ್ದೆಲ್ಲ ಅವಳ ಅನುಮಾನಕ್ಕೆ ಸಾಕ್ಷಿಯಾಯಿತು. ಮುರುಗೆಪ್ಪನವರ ಸೊಸೆ ಸೌಂದರ್ಯಾ ಸೊಪ್ಪಿನ ವ್ಯಾಪಾರ ನೋಡಿಕೊಳ್ಳುತ್ತಿದ್ದಳು. ಮೊದಲೆಲ್ಲ ಬದುವಿನ ಮೇಲೆ ಕೂತು ನಾಗರತ್ನಮ್ಮ ಕೊಟ್ಟ ಮಜ್ಜಿಗೆ ಕುಡಿಯುತ್ತಿದ್ದವಳು ಈಗ ನಿಂತೇ ಮಾತಾಡಿ ಹೋಗತೊಡಗಿದಳು. ಹೊಲ ತುಳಿದ ಬೂಟನ್ನು ಕಾರಿಗೆ ಹತ್ತುವ ಮುಂಚೆ ಕಳಚಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಡಿಕ್ಕಿಗೆ ಹಾಕಿಸುತ್ತಿದ್ದಳು. ನಾಗರತ್ನಮ್ಮ ಅದನ್ನು ನೋಡಿದಳು. ನಾವು ಓಡಾಡಿದ ಮಣ್ಣೂ ಮೈಲಿಗೆಯಾಯಿತು, ಅಂದುಕೊಂಡಳು. ನುಂಗಿಕೊಂಡಳು. ನುಂಗುವುದು ಅವಳಿಗೆ ಹೊಸದಲ್ಲ.

ಬೇಡವೆಂದ ಮೊದಲ ಕಟ್ಟು ಈಗ ಶೆಡ್ಡಿಗೇ ಬರತೊಡಗಿತು. ಅದನ್ನು ತೂಕಕ್ಕೆ ಹಾಕಲು ಅವಳಿಗೆ ಮನಸ್ಸಾಗಲಿಲ್ಲ. ಅಷ್ಟು ಎಳೆಯ ಸೊಪ್ಪನ್ನು ಮೊಮ್ಮಗಳು ಮೌನ ಹುಟ್ಟಿದಾಗಿನಿಂದ ಉಂಡಿರಲಿಲ್ಲ. ಬೆಳಗ್ಗೆ ಬಸ್ಸಾರು, ರಾತ್ರಿ ಪಲ್ಯ. ಮಗಳು ಶೋಳಿಂಗನಲ್ಲೂರಿನ ಒಂದು ಕಂಪನಿಯಲ್ಲಿ ಕಕ್ಕಸು ತೊಳೆಯುವ ಕೆಲಸಕ್ಕೆ ಕತ್ತಲಲ್ಲೇ ಹೊರಡುತ್ತಿದ್ದಳು. ಹಾಗಾಗಿ ಮಗುವಿಗೆ ತುತ್ತಿಡುವುದು ಅಜ್ಜಿಯೇ. ಸೊಪ್ಪು ತಿಂದರೆ ರಕ್ತ ಆಗುತ್ತದೆ ಎಂದು ಬೇಡವೆಂದರೂ ಇನ್ನೊಂದು ತುತ್ತು ತುರುಕುತ್ತಿದ್ದಳು.

ಐದು ವರ್ಷದ ಹುಡುಗಿಗೆ ಹೆಸರು ಮೌನ, ಬಾಯಿ ಮಾತ್ರ ಸಂತೆ. ಅಜ್ಜಿ ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲಿ ಹೇಳುತ್ತಿದ್ದಳು. ಅಜ್ಜಿ ಬಗ್ಗಿ ಕುಡುಗೋಲು ಆಡಿಸುವಾಗ ಇವಳು ಮಡಿಯಲ್ಲಿ ಕೂತು ಅಡುಗೆಯಾಟ ಆಡುತ್ತಿದ್ದಳು. ಹೊಲ ಕೆದಕಿದಲ್ಲೆಲ್ಲ ಕರಿ ಪ್ಲಾಸ್ಟಿಕ್ಕಿನ ಚೂರು, ಬೂದು ಬಣ್ಣದ ತಗಡಿನ ತುಂಡು ಸಿಗುತ್ತಿದ್ದವು. ಅವೇ ಅವಳ ತಟ್ಟೆ, ಅವೇ ದೋಸೆ.

ಸಂಕ್ರಾಂತಿ ಹೊತ್ತಿಗೆ ಹುಡುಗಿಯ ಮಾತು ಕಡಿಮೆಯಾಯಿತು. ವಯಿರು ವಲಿಕ್ಕುದು ಆಯಾ, ಹೊಟ್ಟೆ ನೋಯುತ್ತೆ ಅಜ್ಜೀ, ಎಂದು ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗತೊಡಗಿದಳು. ಮಲ ಕಟ್ಟಿತು. ತುಟಿ ಬಿಳುಚಿತು. ಆಡಿಕೊಂಡಿದ್ದವಳು ಸುಮ್ಮಸುಮ್ಮನೆ ರೇಗಿ ಅಜ್ಜಿಯ ಕೈ ಕಚ್ಚತೊಡಗಿದಳು. ಬರುತ್ತಿದ್ದ ಅಕ್ಷರ ಮರೆತಿದ್ದಾಳೆ, ಮನೆಯಲ್ಲಿ ಹೊಡೀತೀರಾ ಎಂದು ಅಂಗನವಾಡಿಯ ಟೀಚರ್ ಕೇಳಿದಳು. ನಾಗರತ್ನಮ್ಮ ಜಂತುಹುಳದ ಔಷಧಿ ಕುಡಿಸಿದಳು, ದೃಷ್ಟಿ ತೆಗೆದಳು, ರಕ್ತ ಕಮ್ಮಿಯಾಗಿದೆ ಎಂದು ಇನ್ನಷ್ಟು ಸೊಪ್ಪು ಬೇಯಿಸಿದಳು.

ಕೊನೆಗೆ ದೊಡ್ಡಾಸ್ಪತ್ರೆ. ರಕ್ತ ತೆಗೆದು ಕಳಿಸಿದರು. ಮತ್ತೆ ಕರೆದಾಗ ಡಾಕ್ಟರಮ್ಮ ಮೊದಲು ಕೇಳಿದ್ದು, ಮನೆಯಲ್ಲಿ ಯಾರಾದರೂ ಬ್ಯಾಟರಿ ಕೆಲಸ ಮಾಡುತ್ತೀರಾ ಎಂದು. ಇಲ್ಲ ಅಂದಳು ನಾಗರತ್ನಮ್ಮ, ಸೊಪ್ಪು ಬೆಳೆಯುತ್ತೀವಿ. ಮಗುವಿನ ರಕ್ತದಲ್ಲಿ ಸೀಸವಿದೆ ಎಂದರು. ಐದು ಇದ್ದರೇ ನಾವು ಎಲ್ಲಿಂದ ಬಂತೆಂದು ಹುಡುಕುತ್ತೇವೆ, ಇವಳಿಗೆ ಮೂವತ್ತೆಂಟು ಇದೆ. ನಾಗರತ್ನಮ್ಮನಿಗೆ ಅಂಕಿ ಅರ್ಥವಾಗಲಿಲ್ಲ. ಡಾಕ್ಟರಮ್ಮನ ಮುಖ ಅರ್ಥವಾಯಿತು.

ತಡಬಡಿಸುತ್ತ ಹೊಲದಲ್ಲಿ ಸಿಗುವ ಕರಿ ಚೂರುಗಳ ಬಗ್ಗೆ ಹೇಳಿದಳು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಅಲ್ಲಿ ಹಳೆಯ ಬ್ಯಾಟರಿ ಒಡೆಯುತ್ತಿದ್ದಿರಬೇಕು, ಸೀಸ ಮಣ್ಣಿಗಿಳಿದರೆ ತಲೆಮಾರು ಕಳೆದರೂ ಹೋಗುವುದಿಲ್ಲ ಎಂದರು. ಮಣ್ಣಾದ ಕೈ ಬಾಯಿಗೆ ಹೋಗುತ್ತದೆ. ಎಲೆಗೆ ಅಂಟಿದ ಧೂಳು ಹೋಗುತ್ತದೆ, ಎಲೆಯೊಳಗೂ ಒಂದಿಷ್ಟು ಸೇರುತ್ತದೆ. ಬೇಯಿಸಿದರೆ ಸಾಯುವುದಕ್ಕೆ ಅದು ಕ್ರಿಮಿಯಲ್ಲ. ಔಷಧಿ ಕೊಡಿ ಎಂದು ಇವಳು ಕೈಮುಗಿದಳು. ಕಬ್ಬಿಣದ ಮಾತ್ರೆ, ಸುಣ್ಣದ ಮಾತ್ರೆ ಬರೆದುಕೊಟ್ಟರು. ಮುಖ್ಯ ಔಷಧಿ ಎಂದರೆ ಆ ಮಣ್ಣು ಬಿಡುವುದು, ಇವತ್ತೇ ಬಿಡುವುದು. ತಲೆಗೆ ಆಗಿರುವ ಪೆಟ್ಟು ಎಷ್ಟು ವಾಪಸು ಬರುತ್ತದೋ ಹೇಳಲಾಗದು, ಬಾರದೆಯೂ ಇರಬಹುದು. ಡಾಕ್ಟರಮ್ಮ ಮುಂದಿನ ಚೀಟಿ ಕರೆದರು.

ಹೋಗುವುದು ಎಲ್ಲಿಗೆ? ನಾಗರತ್ನಮ್ಮ ಮಗುವನ್ನು ಸೊಂಟಕ್ಕೇರಿಸಿಕೊಂಡು ಸೀದಾ ಅಣ್ಣಾ ನಗರದ ಧಣಿಗಳ ಮನೆಗೆ ಹೋದಳು. ಹಿತ್ತಿಲ ಬಾಗಿಲಲ್ಲಿ ಅಡುಗೆಯ ಜಯಲಕ್ಷ್ಮೀ ಎದುರಾದಳು. ಒಳಗೆ ಕಟ್ಟೆಯ ಮೇಲೆ ಊಟಿಯಿಂದ ಬಂದ ಸೊಪ್ಪು ಹರವಿತ್ತು. ಅದನ್ನು ಕಂಡದ್ದೇ ನಾಗರತ್ನಮ್ಮನಿಗೆ ತಡೆಯಲಾಗಲಿಲ್ಲ. ಇಷ್ಟು ತಿಂಗಳು ಹಲ್ಲು ಕಚ್ಚಿ ಹಿಡಿದದ್ದು ಬಾಯಿಗೆ ಬಂತು.

"ನಮ್ ಜಾತಿ ಗೊತ್ತಾಗಿ ತಾನೆ ಅಕ್ಕ, ಸೊಪ್ಪು ಬ್ಯಾಡ ಅಂದದ್ದು?"

ಜಯಲಕ್ಷ್ಮೀ ಚೆನ್ನೈಯಲ್ಲೇ ಹುಟ್ಟಿ ಬೆಳೆದವಳು. ಅವಳಿಗೆ ಮೊದಲು ಪ್ರಶ್ನೆಯೇ ತಿಳಿಯಲಿಲ್ಲ. ಆಮೇಲೆ ಸಣ್ಣಗೆ ನಕ್ಕಳು.

"ಶುಮ್ಮಾ ಇರು ನೀನು. ನಿನ್ ಜಾತಿ ಇಲ್ಲಿ ಯಾರ್ಗೂ ತೆರಿಯಾದು, ಗೊತ್ತೇ ಇಲ್ಲ. ಮಣ್ಣು ಟೆಸ್ಟ್‌ಗೆ ಕೊಟ್ಟಿದ್ರು, ಆರ್ಗ್ಯಾನಿಕ್ ಸರ್ಟಿಫಿಕೇಟ್ ಬೇಕೂಂತ. ಅದ್ರಲ್ಲಿ ಏನೋ ವಿಷ ಜಾಸ್ತಿ ಬಂತಂತೆ. ಅವತ್ತೇ ಫ್ರಿಜ್ಜಲ್ಲಿದ್ದ ಸೊಪ್ಪೆಲ್ಲಾ ಕುಪ್ಪೆ ಬುಟ್ಟಿಗೆ ಹಾಕ್ಸಿದ್ರು. ಸೌಂದರ್ಯಮ್ಮನ ಪಾಪುಗೆ ರಕ್ತ ಟೆಸ್ಟ್ ಕೂಡ ಮಾಡ್ಸಿದ್ರು. ದೇವರ ದಯ, ಅವಳಿಗೆ ಒಂದೂ ಇಲ್ಲ."

ನಾಗರತ್ನಮ್ಮನಿಗೆ ಮೊದಲು ಆದದ್ದು ಸಮಾಧಾನ. ಗೊತ್ತಾಗಿಲ್ಲ. ಜಾತಿ ಗೊತ್ತಾಗಿಲ್ಲ. ಭುಜದಿಂದ ಮೂಟೆ ಇಳಿಸಿದಂತೆ ಉಸಿರು ಬಿಟ್ಟಳು. ಸೊಂಟದ ಮೇಲೆ ಮಗು ನರಳಿದಾಗಲೇ ತಾನು ಯಾತಕ್ಕೆ ಸಮಾಧಾನಪಟ್ಟೆ ಎಂಬುದು ಅವಳ ತಲೆಗೆ ಹತ್ತಿದ್ದು. ಬಾಗಿಲ ಚೌಕಟ್ಟು ಹಿಡಿದುಕೊಂಡಳು.

ಅಷ್ಟರಲ್ಲಿ ಸೌಂದರ್ಯಾ ಬಂದಳು. ಮಗುವನ್ನು ನೋಡಿದಳು, ಆಸ್ಪತ್ರೆಯ ಚೀಟಿ ನೋಡಿದಳು, ಜಯಲಕ್ಷ್ಮಿಯ ಮುಖ ನೋಡಿದಳು. ಸುಳ್ಳು ಹೇಳುವುದರಲ್ಲಿ ಅರ್ಥವಿಲ್ಲವೆಂದು ತಿಳಿಯಿತು. ಜಾಗ ಮಾವನವರು ಗುಜರಿ ನಡೆಸುತ್ತಿದ್ದ ಕಾಲದಲ್ಲಿ ಬ್ಯಾಟರಿ ಒಡೆಯುವವರಿಗೆ ಬಾಡಿಗೆಗಿತ್ತು, ಮೇಲೆ ಒಂದು ಪದರ ಕೆಮ್ಮಣ್ಣು ಹೊಡೆಸಿದ್ದೆವು, ಸಾಲದಾಯಿತು ಎಂದಳು. ದನಿಯಲ್ಲಿ ಬೇಸರವಿತ್ತು, ಗೋಡೆಗೆ ಬಳಿದ ಬಣ್ಣ ಕಿತ್ತು ಬಂದರೆ ಆಗುವಷ್ಟು. ಮನೆಯ ಹಿಂದೆ ಡ್ರೈವರ್ ರೂಮು ಖಾಲಿಯಿದೆ, ಸೋಮವಾರದಿಂದ ಮೂವರೂ ಬಂದಿರಿ, ಮಗುವನ್ನು ಪ್ರೈವೇಟ್ ಡಾಕ್ಟರಿಗೆ ತೋರಿಸೋಣ. ಈ ಭಾನುವಾರ ಗಿರಾಕಿಗಳ ಮಕ್ಕಳು ಹೊಲ ನೋಡಲು ಬರುತ್ತಾರೆ. ಅದೊಂದು ನಡೆಸಿಕೊಟ್ಟುಬಿಡು. ನಿನ್ನ ಮುಖ ನೋಡಿಯೇ ಅವರು ಸೊಪ್ಪು ಕೊಳ್ಳುವುದು. ಒಂದೆರಡು ವರ್ಷದಲ್ಲಿ ಹೊಲವನ್ನೇ ಸೈಟು ಮಾಡಿ ಮಾರುತ್ತೇವೆ, ಎಲ್ಲ ಮುಗಿಯುತ್ತದೆ. ಅಲ್ಲಿಯವರೆಗೆ ಬಾಯಿ ಬಿಡಬೇಡ.

ನಾಗರತ್ನಮ್ಮ ಒಂದೇ ಮಾತು ಕೇಳಿದಳು.

"ಅವತ್ತೇ ಯಾಕವ್ವ ಹೇಳ್ನಿಲ್ಲ?"

ಸೌಂದರ್ಯಾ ಚೀಟಿಯನ್ನು ಮಡಿಸಿ ವಾಪಸು ಕೊಟ್ಟಳು.

"ನೀ ಕೇಳ್ಲೇ ಇಲ್ಲಲ್ಲ."

ಶೆಡ್ಡಿಗೆ ಬಂದು ಮಗಳಿಗೆ ಎಲ್ಲ ಹೇಳಿದಳು. ಮಗಳು ಅತ್ತಳು. ಅತ್ತು ಮುಗಿಸಿ, ರೂಮು ಕೊಡ್ತಾರಂತಲ್ಲವ್ವ, ಸುಮ್ನೆ ಹೂಂ ಅನ್ನು ಎಂದಳು. ಮಗುವಿಗೆ ಮಣ್ಣು ತಪ್ಪಿಸಬೇಕಾದರೆ ಬೇರೆ ದಾರಿಯಿರಲಿಲ್ಲ. ಅದು ನಾಗರತ್ನಮ್ಮನಿಗೂ ಗೊತ್ತಿತ್ತು. ಹೂಂ ಅಂದಳು.

ಭಾನುವಾರ ವ್ಯಾನು ಬಂತು. ಹಿಂದೆ ಏಳೆಂಟು ಕಾರು. ಮಕ್ಕಳಿಗೆಲ್ಲ ಹಸಿರು ಟೋಪಿ ಹಂಚಿದರು. ದೊಡ್ಡವರ ಕೈಯಲ್ಲಿ ಫೋನು, ಬಗಲಲ್ಲಿ ನೀರಿನ ಬಾಟಲಿ. ಮುರುಗೆಪ್ಪನವರು ಬಿಳಿ ಪಂಚೆಯುಟ್ಟು ಕುರ್ಚಿ ಹಾಕಿಸಿಕೊಂಡಿದ್ದರು. ಸೌಂದರ್ಯಾಳ ಮಗಳು ಗಗನಾ ಕಾರಿನೊಳಗೇ ಇದ್ದಳು. ಗಾಜು ಏರಿಸಿತ್ತು, ಎ.ಸಿ. ಓಡುತ್ತಿತ್ತು. ಪಾಲಕ್ ಪಕ್ಕದಲ್ಲಿ ಒಂದು ಮಡಿ ಹದ ಮಾಡಿಸಿ ನೀರು ಬಿಟ್ಟಿದ್ದರು. ಮಕ್ಕಳು ಬರಿಗಾಲಲ್ಲಿ ಇಳಿದು, ಕೈಯಾರೆ ಮಣ್ಣು ಕಲಸಿ, ಬೀಜ ಹಾಕಬೇಕು. ನಾಗರತ್ನಮ್ಮ ಒಬ್ಬೊಬ್ಬರ ಬೊಗಸೆಗೂ ಮಣ್ಣು ತುಂಬಿ ಕೊಡಬೇಕು. ಫೋಟೋದವನು ಕಾದಿದ್ದ.

ಅವಳು ಮಡಿಗೆ ಬಗ್ಗಿದಳು. ಬೊಗಸೆ ತುಂಬ ಹಸಿ ಮಣ್ಣು ಎತ್ತಿದಳು. ಎದುರಿಗೆ ಎರಡು ಜಡೆಯ ಒಂದು ಹುಡುಗಿ ಕೈಯೊಡ್ಡಿ ನಿಂತಿತ್ತು. ಆಚೀಚೆ ಕೆಲವು ಮಕ್ಕಳು ತಡೆಯಲಾರದೆ ಆಗಲೇ ಅಂಚಿನ ಕೆಸರಿಗೆ ಕೈ ಹಾಕಿದ್ದವು. ಹುಡುಗಿಯ ಅಂಗೈ ನೋಡಿದಳು ನಾಗರತ್ನಮ್ಮ. ಮಣ್ಣನ್ನು ಅಲ್ಲೇ ಕೆಡವಿದಳು. ನಡ ಎತ್ತಿ ನೆಟ್ಟಗೆ ನಿಂತಳು. ಎರಡೂ ಕೈ ಅಗಲಿಸಿ ಮಡಿಗೆ ಅಡ್ಡವಾದಳು.

ಯಾರೂ ಇಳಿಯಬೇಡಿ, ಎಂದಳು ತಮಿಳಿನಲ್ಲಿ, ಎಲ್ಲರಿಗೂ ಕೇಳುವಂತೆ. ಈ ಮಣ್ಣಿನಲ್ಲಿ ಸೀಸ ಇದೆ. ನನ್ನ ಮೊಮ್ಮಗಳ ರಕ್ತದಲ್ಲಿ ಸೇರಿದೆ. ನಿಮ್ಮ ಮನೆಗೆ ಬರುವ ಸೊಪ್ಪಿನಲ್ಲೂ ಇದೆ. ಇವರಿಗೆ ಗೊತ್ತು. ಇವರು ತಿನ್ನುವುದಿಲ್ಲ.

ಸೌಂದರ್ಯಾ ಮುಂದೆ ಬಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಮಾತಾಡಿದಳು. ಪಾಪ, ಮೊಮ್ಮಗಳಿಗೆ ಹುಷಾರಿಲ್ಲ, ಚಿಂತೆಯಲ್ಲಿ ಏನೇನೋ ಅಂದುಕೊಂಡಿದ್ದಾಳೆ, ಓದುಬರಹ ಇಲ್ಲ, ಚಿಕಿತ್ಸೆ ನಾವೇ ಕೊಡಿಸುತ್ತಿದ್ದೇವೆ. ಯಾರೋ ಒಬ್ಬಾಕೆ ಅಯ್ಯೋ ಎಂದು ಲೊಚಗುಟ್ಟಿದಳು. ಮುರುಗೆಪ್ಪನವರು ಕುರ್ಚಿಯಿಂದ ಎದ್ದರು. ಪಾಲಕ್ ಮಡಿಯಿಂದ ಒಂದು ಎಲೆ ಕಿತ್ತು, ಪಂಚೆಯ ಅಂಚಿಗೆ ಒರೆಸಿ, ಬಾಯಿಗಿಟ್ಟು ಅಗಿದರು. ನುಂಗಿ ನಕ್ಕರು. ಯಾರೋ ಚಪ್ಪಾಳೆ ತಟ್ಟಿದರು. ಉಳಿದವರೂ ತಟ್ಟಿದರು. ಮಕ್ಕಳು ಮತ್ತೆ ಮಡಿಯತ್ತ ಸರಿದವು.

ಒಂದು ಎಲೆಯಿಂದ ಯಾರಿಗೂ ಏನೂ ಆಗುವುದಿಲ್ಲ. ಅದು ಮುರುಗೆಪ್ಪನವರಿಗೆ ಗೊತ್ತಿತ್ತು. ಈಗ ನಾಗರತ್ನಮ್ಮನಿಗೂ ಗೊತ್ತಿತ್ತು.

"ನೀವು ತಿನ್ನದು ಬ್ಯಾಡಿ ಯಜಮಾನ್ರೇ," ಅಂದಳು. "ಗಗನಾನ ಇಳಿಸಿ. ಬರಿಗಾಲಲ್ಲಿ ಇಳಿಸಿ. ಆ ಕೂಸ್ಗೆ ಮೊದ್ಲು ಮಣ್ಣು ಕೊಡ್ತೀನಿ, ಆಮೇಕೆ ಇವ್ರ ಮಕ್ಳಿಗೆ."

ಅದನ್ನೇ ತಮಿಳಿನಲ್ಲಿ ಇನ್ನೊಮ್ಮೆ ಹೇಳಿದಳು. ಎಲ್ಲರೂ ಕಾರಿನ ಕಡೆ ತಿರುಗಿದರು. ಅಷ್ಟು ಜನ ತನ್ನನ್ನೇ ನೋಡುತ್ತಿರುವುದು ಕಂಡು ಒಳಗಿದ್ದ ಹುಡುಗಿಗೆ ಖುಷಿಯಾಯಿತು. ತಾನೇ ಗುಂಡಿ ಒತ್ತಿ ಗಾಜು ಇಳಿಸಿ, ಅಮ್ಮಾ ನಾನೂ ಆಡ್ಲಾ ಎಂದು ಬಾಗಿಲ ಹಿಡಿಗೆ ಕೈ ಹಾಕಿತು. ಸೌಂದರ್ಯಾ ಓಡಿದಳು. ಚಪ್ಪಲಿ ಒಂದು ಕಾಲಿನಿಂದ ಜಾರಿತು, ನಿಲ್ಲಲಿಲ್ಲ. ಹುಡುಗಿಯ ಕೈಯನ್ನು ಒಳಕ್ಕೆ ತಳ್ಳಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಆಮೇಲಷ್ಟೇ ತಿರುಗಿ ಜನರನ್ನು ನೋಡಿದಳು.

ತಾಯಂದಿರು ಮಕ್ಕಳ ರಟ್ಟೆ ಹಿಡಿದು ಎಳೆದರು. ಟೋಪಿಗಳು ಕೆಸರಿಗೆ ಬಿದ್ದವು. ಕೆಸರು ಮುಟ್ಟಿದ ಮಕ್ಕಳನ್ನು ಕಾರುಗಳ ಪಕ್ಕ ಸಾಲಾಗಿ ನಿಲ್ಲಿಸಿ, ಬಾಟಲಿಗಳ ಮುಚ್ಚಳ ತಿರುವಿ ಕೈಗೆ ನೀರು ಸುರಿಯತೊಡಗಿದರು. ಒಬ್ಬಾತ ಫೋನಿನಲ್ಲಿ ಯಾವುದೋ ಡಾಕ್ಟರನ್ನು ಹುಡುಕುತ್ತಿದ್ದ. ಮೊಮ್ಮಗಳಿಗೆ ಏನಾಗಿದೆ, ಎಲ್ಲಿದ್ದಾಳೆ ಎಂದು ಒಬ್ಬರೂ ನಾಗರತ್ನಮ್ಮನ ಕಡೆ ತಿರುಗಲಿಲ್ಲ.

ಮುರುಗೆಪ್ಪನವರು ಅವಳ ಬಳಿ ಬಂದರು. ದನಿ ಏರಿಸಲಿಲ್ಲ.

"ಕನ್ನಡದಾಕಿ, ನಮ್ಮಾಕಿ ಅಂತ ಇಟ್ಕೊಂಡೆ ನಿನ್ನ. ಉಂಡ ಮನಿಗೆ ಬೆಂಕಿ ಹಚ್ಚಿದಿ. ಸಂಜಿ ಆಗೋದ್ರೊಳಗ ಶೆಡ್ ಖಾಲಿ ಆಗಬೇಕು. ರೂಮು ಗೀಮು ಮರ್ತುಬಿಡು."

"ನಾ ನಿಮ್ಮವಳಲ್ಲ," ಅಂದಳು ನಾಗರತ್ನಮ್ಮ. "ಒಕ್ಕಲಿಗರವಳೂ ಅಲ್ಲ. ಹೊಲಗೇರಿಯವಳು. ಅದು ನಿಮ್ಗೆ ತಿಳೀತು ಅಂತ ಹೆದ್ರಿ ಬಾಯಿ ಮುಚ್ಕೊಂಡಿದ್ದೆ. ಹೆದ್ರಿ ಹೆದ್ರಿ ಮಗೀಗೆ ಇಸ ಉಣ್ಣುಸ್ದೆ. ಇನ್ನೇನ ಕಿತ್ಕೊಂಡೀರಿ ನೀವು?"

ಮುರುಗೆಪ್ಪನವರ ಕಾಲು ತನ್ನಷ್ಟಕ್ಕೆ ಒಂದು ಹೆಜ್ಜೆ ಹಿಂದಕ್ಕೆ ಹೋಯಿತು. ವಿಷದ ಎಲೆಯನ್ನು ನಗುತ್ತ ನುಂಗಿದ ಬಾಯಿ ಈಗ ಬಿಗಿದುಕೊಂಡಿತು. ಪಂಚೆ ಎತ್ತಿ ಹಿಡಿದು, ಅವಳಿಗೆ ತಾಗದಂತೆ ಸುತ್ತಿ ಬಳಸಿ ಕಾರಿನತ್ತ ಹೋದರು.

ಗಲಾಟೆ ಕೇಳಿ ಮೌನ ಶೆಡ್ಡಿನಿಂದ ಎದ್ದು ಬಂದಿದ್ದಳು. ಬರುತ್ತ ಬರುತ್ತ ಕೆಸರಿನಲ್ಲಿ ಬಿದ್ದ ಹಸಿರು ಟೋಪಿಯೊಂದನ್ನು ಎತ್ತಿ ತಲೆಗಿಟ್ಟುಕೊಂಡಿದ್ದಳು. ಮಕ್ಕಳೆಲ್ಲ ಸಾಲಾಗಿ ನಿಂತು ಕೈ ತೊಳೆಸಿಕೊಳ್ಳುತ್ತಿರುವುದು ಕಂಡಿತು. ಅದೂ ಒಂದು ಆಟವೆಂದುಕೊಂಡಳು. ಸಾಲಿನ ಕೊನೆಯಲ್ಲಿ ಹೋಗಿ ನಿಂತು ಎರಡೂ ಕೈ ಮುಂದೆ ಚಾಚಿದಳು. ಎರಡು ಜಡೆಯ ಹುಡುಗಿಯ ತಾಯಿ ಬಾಟಲಿ ಬಗ್ಗಿಸಿದವಳು ಕೈ ಯಾರದೆಂದು ನೋಡಿದಳು. ಬಿಳುಚಿದ ತುಟಿ ನೋಡಿದಳು. ಬಾಟಲಿ ಎತ್ತಿಕೊಂಡಳು. ತನ್ನ ಮಗಳನ್ನು ಇನ್ನೊಂದು ಪಕ್ಕಕ್ಕೆ ಎಳೆದುಕೊಂಡು, ಒಟ್ಟಿಕ್ಕಾದೆ, ಅಂಟಿಕೊಳ್ಳಬೇಡ ಎಂದಳು. ಮೌನಳ ಕೈ ಚಾಚಿದಂತೆಯೇ ಇತ್ತು.

ನಾಗರತ್ನಮ್ಮ ಮಡಿ ದಾಟಿ ಬಂದಳು. ಕೆಸರಿನ ಕೈಯಲ್ಲೇ ಆಕೆಯ ಕೈಯಿಂದ ಬಾಟಲಿ ಕಿತ್ತುಕೊಂಡಳು. ಬೆರಳಿಗೆ ಬೆರಳು ತಾಗಿತು. ಆಕೆ ಬೆರಳನ್ನು ಚೂಡಿದಾರಕ್ಕೆ ಒರೆಸಿಕೊಂಡು, ನೀವೇ ಇಟ್ಟುಕೊಳ್ಳಿ, ವಾಪಸು ಬೇಡ ಎಂದಳು.

ನಾಗರತ್ನಮ್ಮ ಮೊಮ್ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತಳು. ನೀರು ಸುರಿದು ಬೆರಳ ಸಂದು, ಉಗುರಿನ ಅಡಿ, ಅಂಗೈ ಗೆರೆ ಉಜ್ಜಿದಳು. ತಣ್ಣಗಿದೆ ಎಂದು ಮಗು ನಕ್ಕಿತು. ಮಣ್ಣು ಇನ್ನೂ ಬರುತ್ತಲೇ ಇತ್ತು, ಬಾಟಲಿ ಖಾಲಿಯಾಯಿತು. ಅದನ್ನು ಬಿಸಾಡಿ, ಎದ್ದು, ಪಕ್ಕದ ಕಾರಿನವರ ಮುಂದೆ ಕೈ ನೀಡಿದಳು.

"ಇನ್ನೊಂದು ಕೊಡಿ," ಅಂದಳು.